ಒಂದು ಮಾರು ಹಗ್ಗ

ಹದಿನಾಲ್ಕು ವರ್ಷ ಅವನು ದೂರದ ಊರುಗಳಿಗೆ ಬಸ್ಸು ಓಡಿಸಿದ್ದ. ಹೊಸದಾಗಿ ಮದುವೆಯಾದ ಜೋಡಿಗಳು, ಪರೀಕ್ಷೆಗೆ ಹೊರಟ ಹುಡುಗರು, ಆಸ್ಪತ್ರೆಗೆ ಹೋಗುವವರು, ಅಲ್ಲಿಂದ ಮುಖ ಬಾಡಿಸಿಕೊಂಡು ಬರುವವರು, ಎಲ್ಲರನ್ನೂ ಹೊತ್ತು ತಿರುಗಿದ್ದ. ತನ್ನ ಹೆಂಡತಿಯನ್ನು ಮಾತ್ರ ಪಕ್ಕದ ಊರಿನ ಗಡಿ ದಾಟಿಸಿರಲಿಲ್ಲ. "ರಜೆ ಸಿಗ್ಲಿ" ಅನ್ನುತ್ತಿದ್ದ. ರಜೆ ಸಿಕ್ಕರೆ ಮಧ್ಯಾಹ್ನದವರೆಗೆ ಗೊರಕೆ ಹೊಡೆಯುತ್ತಿದ್ದ.

"ನಿಮ್ಮಪ್ಪ ಊರಿಗೆಲ್ಲ ದಾರಿ ತೋರಿಸ್ತಾರೆ, ನಮಗೆ ಮಾತ್ರ ಬೆನ್ನು ತೋರಿಸ್ತಾರೆ" ಎಂದು ಅವಳು ಮಕ್ಕಳ ಮುಂದೆ ನಗುತ್ತಲೇ ಚುಚ್ಚುತ್ತಿದ್ದಳು.

ಆಮೇಲೆ ಕಣ್ಣಿನ ಗೋಳು ಶುರುವಾಯಿತು. ಮೊದಮೊದಲು ಬಾಗಿಲ ಚೌಕಟ್ಟಿಗೆ ಭುಜ ತಾಗುವುದು, ದಾರಿಯಲ್ಲಿಟ್ಟ ಬಕೆಟ್ಟು ಎಡವುವುದು. "ನೆಲ ನೋಡ್ಕೊಂಡು ನಡಿ" ಎಂದು ಹೆಂಡತಿ ಗದರಿದಳೇ ಹೊರತು ಹೆಚ್ಚು ತಲೆ ಕೆಡಿಸಿಕೊಳ್ಳಲಿಲ್ಲ. ಡಿಪೋದ ವಾರ್ಷಿಕ ತಪಾಸಣೆಯಲ್ಲಿ ಸಿಕ್ಕಿಬಿದ್ದ. ಕಣ್ಣಿನ ಡಾಕ್ಟರು ಒಂದು ಮಬ್ಬು ಕೋಣೆಯಲ್ಲಿ ಕೂರಿಸಿ, ಎದುರಿನ ಚುಕ್ಕೆಯನ್ನೇ ನೋಡುತ್ತಿರಲು ಹೇಳಿ, ಸುತ್ತ ಎಲ್ಲಾದರೂ ಬೆಳಕು ಮಿನುಗಿದರೆ ಗುಂಡಿ ಒತ್ತಲು ಹೇಳಿದರು. ಕಂಡದ್ದಕ್ಕೆಲ್ಲ ಒತ್ತಿದ. ಚೆನ್ನಾಗಿಯೇ ಮಾಡಿದೆ ಅಂದುಕೊಂಡ. ಹಾಳೆ ಹೊರಗೆ ಬಂದಾಗ ನಡುವೆ ಒಂದು ಬಿಳಿ ಬಿಲ್ಲೆ, ಉಳಿದದ್ದೆಲ್ಲ ಕಪ್ಪು.

"ನಡುವಿನದು ಚೆನ್ನಾಗಿದೆ. ಸುತ್ತಲಿಂದ ಮುಚ್ಚಿಕೊಂಡು ಬರ್ತಾ ಇದೆ. ನಿಧಾನ ಮಾಡಬಹುದೇನೋ, ನಿಲ್ಲಿಸೋಕಾಗಲ್ಲ" ಅಂದರು ಡಾಕ್ಟರು.

ಡಿಪೋದವರು ಅವನನ್ನು ಸ್ಟಿಯರಿಂಗಿನಿಂದ ಇಳಿಸಿ ಬಿಡಿಭಾಗಗಳ ಕೊಠಡಿಯಲ್ಲಿ ಕೂರಿಸಿದರು. ಬೋಲ್ಟು, ಬೇರಿಂಗು, ಬ್ರೇಕ್ ಲೈನರುಗಳ ನಡುವೆ ಸ್ಟೂಲಿನ ಮೇಲೆ ಕೂತು, ಹೊರಗೆ ತನ್ನ ಬಸ್ಸು ಬೇರೆಯವನ ಕೈಯಲ್ಲಿ ಗೇರು ಕಿರುಗುಟ್ಟುವುದನ್ನು ಕೇಳಿಸಿಕೊಳ್ಳುತ್ತಿದ್ದ. ಮೂರು ತಿಂಗಳ ನಂತರ ಡಾಕ್ಟರ ಬಳಿ ಒಬ್ಬನೇ ಹೋದ. ಬಿಳಿ ಬಿಲ್ಲೆ ಇನ್ನಷ್ಟು ಚಿಕ್ಕದಾಗಿತ್ತು. "ಇನ್ನು ಯಾವ ಗಾಡೀನೂ ಓಡಿಸಬೇಡಿ, ಸ್ಕೂಟರ್ ಸಹ" ಎಂದು ಅವರು ಬರೆದೇ ಕೊಟ್ಟರು. ಆ ಕಾಗದವನ್ನು ನಾಲ್ಕಾಗಿ ಮಡಿಸಿ ಸ್ಪ್ಯಾನರ್ ಪೆಟ್ಟಿಗೆಯ ತಳಕ್ಕೆ ಸೇರಿಸಿದ. ಹೆಂಡತಿಗೆ, "ಹಗಲಲ್ಲಿ ಏನೂ ತೊಂದರೆ ಇಲ್ವಂತೆ. ಕತ್ತಲಾದ ಮೇಲೆ ಬೇಡ ಅಂದ್ರು" ಎಂದ.

ಸುಳ್ಳು ಹೇಳಿ ಅಭ್ಯಾಸವಿದ್ದ ಮನುಷ್ಯನಲ್ಲ. ಆದರೆ ಆ ದಿನ ಬಸ್ ನಿಲ್ದಾಣದಿಂದ ಮನೆಯವರೆಗೆ ನಡೆದು ಬರುವಾಗ ಒಂದೇ ಯೋಚನೆ ತಲೆ ಹೊಕ್ಕಿತ್ತು. ಇಷ್ಟು ವರ್ಷ ತಾನೊಬ್ಬನೇ ನೋಡಿದ ದೇಶವನ್ನು ಇವರಿಗೆ ಒಂದು ಸಲ ತೋರಿಸಬೇಕು, ಇವರು ನೋಡುವುದನ್ನು ತಾನು ನೋಡಬೇಕು. ಒಂದೇ ಒಂದು ಸಲ, ಆಮೇಲೆ ಬಿಟ್ಟುಬಿಡುತ್ತೇನೆ ಎಂದು ತನಗೆ ತಾನೇ ಮಾತು ಕೊಟ್ಟುಕೊಂಡ.

ಬೇಕರಿಯೊಂದು ಮೂಲೆಗೆ ತಳ್ಳಿದ್ದ ಬ್ರೆಡ್ ಸಾಗಿಸುವ ವ್ಯಾನನ್ನು ತಂದ. ನಾಲ್ಕು ತಿಂಗಳು ಭಾನುವಾರಗಳನ್ನೆಲ್ಲ ಅದಕ್ಕೇ ಸುರಿದ. ಟ್ರೇಗಳ ಚೌಕಟ್ಟು ಕಿತ್ತು ಎರಡು ಮಡಚುವ ಹಾಸಿಗೆ ಹಾಕಿದ, ಕಿಟಕಿ ಕೊರೆದ, ಹಿಂಬದಿಯಲ್ಲಿ ಪುಟ್ಟ ಒಲೆ ಕೂರಿಸಿದ. ಹೆಂಡತಿ ಪರದೆ ಹೊಲಿದಳು. ಅವಳು ಆಸ್ಪತ್ರೆಯೊಂದರ ಬಟ್ಟೆ ಒಗೆಯುವ ವಿಭಾಗದಲ್ಲಿ ಕೆಲಸಕ್ಕಿದ್ದಳು; ದಿನಕ್ಕೆ ಇನ್ನೂರು ಹಾಸು ಮಡಿಸಿದ ಕೈಗೆ ನಾಲ್ಕು ಪರದೆ ಯಾವ ಲೆಕ್ಕ. ಬಿಸಿಲೇರಿದರೆ ಗಾಡಿಯ ನೆಲದಿಂದ ಇನ್ನೂ ಬ್ರೆಡ್ಡಿನ ವಾಸನೆ ಬರುತ್ತಿತ್ತು. ನಾಯಿಗಳೆರಡೂ ಮೂಲೆಗಳನ್ನು ನೆಕ್ಕಿ ನೆಕ್ಕಿ ಹೊಳಪು ಬರಿಸಿದವು.

ನಾಯಿಗಳಲ್ಲಿ ದೊಡ್ಡದು ಗುಂಡ, ಹನ್ನೊಂದು ವರ್ಷದ್ದು. ಹೆಂಡತಿ ಮದುವೆಗೆ ಮುಂಚೆ ಅಕ್ಕನ ಜೊತೆ ಸೇರಿ ಹಾಲು ಕುಡಿಸಿ ಸಾಕಿದ್ದು. ತವರಿಂದ ಅವಳು ತಂದದ್ದು ಹೊಲಿಗೆ ಮೆಷಿನ್ನು ಮತ್ತು ಗುಂಡ, ಎರಡೇ. ಈಗ ಅದಕ್ಕೆ ಕಿವಿ ಮಂದ, ಹಿಂಗಾಲು ಜೋಲಿ. ಚಿಕ್ಕದು ಮಿಂಚಿ, ಎರಡು ವರ್ಷದ ಹೆಣ್ಣು, ಒಂದು ಕಡೆ ನಿಂತರೆ ಕೇಳಿ. ಮಕ್ಕಳೂ ಇಬ್ಬರೇ. ಮಗಳಿಗೆ ಎಂಟು ವರ್ಷ. ಏನು ಹೇಳಿದರೂ ಅದಕ್ಕೊಂದು ಪಾಟೀಸವಾಲು ಹಾಕುತ್ತಿದ್ದುದರಿಂದ ಮನೆಯಲ್ಲಿ ಅವಳು ವಕೀಲಮ್ಮ. ಮಗ ನಾಲ್ಕು ವರ್ಷದವನು. ಯಾರ ಹಿಂದಾದರೂ ಸುತ್ತುತ್ತಲೇ ಇರುತ್ತಿದ್ದ ಅವನು ಬಾಲ.

ದೇಶದ ಇನ್ನೊಂದು ತುದಿಯಲ್ಲಿದ್ದ ಹೆಂಡತಿಯ ಅಕ್ಕನ ಮನೆಗೆ ಒಂಬತ್ತು ದಿನದ ದಾರಿ ಎಂದು ಅವನು ಲೆಕ್ಕ ಹಾಕಿದ. ಬೆಳಗ್ಗೆ ಚೆನ್ನಾಗಿ ಬೆಳಕು ಹರಿದ ಮೇಲೆ ಹೊರಡುವುದು, ಸಂಜೆ ನಾಲ್ಕಕ್ಕೆ ನಿಲ್ಲಿಸುವುದು.

ಮೊದಲ ಐದು ದಿನ ಹೂವಿನ ಹಾಗೆ ಹೋದವು. ಬಯಲು ದಾಟಿದರು, ಒಂದು ದೊಡ್ಡ ನದಿ ದಾಟಿದರು. ಅವನು ಬಸ್ಸಿನಲ್ಲಿ ಹೇಳುತ್ತಿದ್ದ ಧಾಟಿಯಲ್ಲೇ, "ಮುಂದಿನ ನಿಲ್ದಾಣ ಟೀ, ಬಿಸ್ಕತ್ತು ಮತ್ತು ಒಂದಕ್ಕೆ! ಹತ್ತು ನಿಮಿಷ ಮಾತ್ರ! ಲೇಟಾದೋರನ್ನ ಬಿಟ್ಟು ಹೋಗ್ತೀವಿ!" ಎಂದು ಕೂಗಿದರೆ ಬಾಲ ಹೊಟ್ಟೆ ಹಿಡಿದುಕೊಂಡು ನಗುತ್ತಿದ್ದ. ಹೆಂಡತಿ ಕಿಟಕಿಗೆ ಹಣೆ ಆನಿಸಿ ಕೂತುಬಿಡುತ್ತಿದ್ದಳು. ಅವನು ಓರೆಯಾಗಿ ಅವಳನ್ನು ನೋಡಲಾರದೆ ಪೂರ್ತಿ ತಿರುಗಿ ನೋಡುತ್ತಿದ್ದ. "ರಸ್ತೆ ನೋಡು" ಎಂದು ಅವಳು ನಾಚುತ್ತಿದ್ದಳು.

ವಕೀಲಮ್ಮ ಮುಂದಿನ ಸೀಟಿನಲ್ಲಿ ಅಪ್ಪ ಅಮ್ಮನ ನಡುವಿನ ಜಾಗವನ್ನು ಬಿಟ್ಟುಕೊಡುತ್ತಿರಲಿಲ್ಲ. ಅಪ್ಪನ ಪಕ್ಕ ಕೂತು, "ಎಡಗಡೆ ಸೈಕಲ್. ಅಲ್ಲೊಬ್ಬರು ಅಜ್ಜ ದಾಟ್ತಾ ಇದಾರೆ. ಬಲಗಡೆ ಟ್ರಾಕ್ಟರ್" ಎಂದು ಒಂದೇ ಸಮ ಹೇಳುತ್ತಿದ್ದಳು. ಗಾಡಿ ಹೊರಡುವ ಮುಂಚೆ ಸುತ್ತ ಒಂದು ಸುತ್ತು ಬಂದು ಹತ್ತುತ್ತಿದ್ದಳು. ಅವಳ ಅಮ್ಮ ಅದನ್ನು ಆಟವೆಂದು ತಿಳಿದಿದ್ದಳು. ಅವನೂ ಹಾಗೇ ಅಂದುಕೊಳ್ಳಲು ಇಷ್ಟಪಟ್ಟ. ಊಟಕ್ಕೆ ಕೂತಾಗ ಮಗಳು ನೀರಿನ ಲೋಟವನ್ನು ಪಕ್ಕದಿಂದ ತೆಗೆದು ಅವನ ತಟ್ಟೆಯ ನೇರ ಮುಂದೆ ಇಡುವುದನ್ನು ಮಾತ್ರ ಅವನು ಎರಡು ಮೂರು ಸಲ ಗಮನಿಸಿದ್ದ. ಗಮನಿಸಿಯೂ ಸುಮ್ಮನಿದ್ದ.

ಆರನೆಯ ದಿನ ಬೆಳಗ್ಗೆ ಒಂದು ಸಂತೆ ಬೀದಿಯಲ್ಲಿ ಜನ ದಟ್ಟವಾಗಿದ್ದರು. ಮಗಳು, "ಅಪ್ಪಾ ಎಡಗಡೆ! ಎಡಗಡೆ!" ಎಂದು ಕಿರುಚಿದಳು. ಅವನು ಬ್ರೇಕು ಒತ್ತಿದ. ತಳ್ಳುಗಾಡಿಯೊಂದನ್ನು ಕೂದಲೆಳೆಯಲ್ಲಿ ತಪ್ಪಿಸಿದ್ದ. ಗಾಡಿಯವನು, "ಕಣ್ಣು ಕಾಣ್ಸಲ್ವೇನಯ್ಯಾ?" ಎಂದು ಬೈದ. ಆ ಮಾತು ಎಲ್ಲಿ ನಾಟಬೇಕೋ ಅಲ್ಲಿ ನಾಟಿತು. ಊರು ದಾಟಿದ ಮೇಲೆ ಅವನು ಸಿಟ್ಟನ್ನೆಲ್ಲ ಮಗಳ ಮೇಲೆ ಕಾರಿದ.

"ಡ್ರೈವರ್ ನಾನಾ ನೀನಾ? ಕಿವೀಲಿ ಕಿರುಚಿದ್ರೆ ಯಾರಿಗಾದ್ರೂ ಕೈ ತಪ್ಪುತ್ತೆ. ಹಿಂದೆ ಹೋಗಿ ಕೂತ್ಕೋ!"

ಅವಳು ಎದ್ದು ಹಿಂದೆ ಹೋದಳು. ಸವಾಲು ಹಾಕದೆ ಅವಳು ಸೋತದ್ದು ಅದೇ ಮೊದಲು.

ಮಧ್ಯಾಹ್ನ ಪೆಟ್ರೋಲ್ ಬಂಕೊಂದರ ಹಿಂದಿನ ಬಯಲಲ್ಲಿ ಊಟಕ್ಕೆ ನಿಲ್ಲಿಸಿದರು. ಬ್ರೆಡ್ಡು, ಬೇಯಿಸಿದ ಮೊಟ್ಟೆ ತಿಂದಾಯಿತು. ಹೆಂಡತಿ ಎಲ್ಲರನ್ನೂ ಕರೆದುಕೊಂಡು ನಲ್ಲಿಯ ಬಳಿ ಕ್ಯಾನು ತುಂಬಿಸಲು ಹೋದಳು. ಬಿಸಿಲು ಗಾಡಿಯ ನೆತ್ತಿಯ ಮೇಲಿತ್ತು. ಹತ್ತು ಹೆಜ್ಜೆ ಆಚೆ ಒಂದು ಮರದ ನೆರಳಿತ್ತು. ಅವರು ಬರುವಷ್ಟರಲ್ಲಿ ನೆರಳಿಗೆ ಹಾಕೋಣ ಎಂದು ಅವನು ಎಂಜಿನ್ ಶುರು ಮಾಡಿದ. ಬಲಗನ್ನಡಿ ನೋಡಿದ, ಎಡಗನ್ನಡಿ ನೋಡಿದ, ಎದುರು ನೋಡಿದ. ಖಾಲಿ ಬಯಲು. ಎಡಕ್ಕೆ ತಿರುಗಿಸಿ ಮೆಲ್ಲಗೆ ಬಿಟ್ಟ.

ನಲ್ಲಿಯ ಹತ್ತಿರ ಬಾಲ ನೀರಾಟ ಶುರು ಮಾಡಿದ್ದ. "ಬಟ್ಟೆ ಎಲ್ಲಾ ಒದ್ದೆ ಮಾಡ್ಕೋಬೇಡ. ಗುಂಡನ್ನ ಹಿಡ್ಕೊಂಡು ಗಾಡಿ ಹತ್ರ ಹೋಗು, ಅಪ್ಪ ಇದಾರೆ" ಎಂದು ಅವನ ಅಮ್ಮ ನಾಯಿಯ ಹಗ್ಗವನ್ನು ಅವನ ಕೈಗೆ ಕೊಟ್ಟು ಕಳಿಸಿದ್ದಳು. ಗುಂಡ ಮುಂದೆ, ಬಾಲ ಹಿಂದೆ, ಎಡಗಡೆಯಿಂದ ಬರುತ್ತಿದ್ದರು.

ಚಕ್ರದ ಕೆಳಗೆ ಕಲ್ಲು ಬಂದರೆ ಹೇಗಿರುತ್ತದೆ, ಕಟ್ಟಿಗೆ ಬಂದರೆ ಹೇಗೆ, ಹಳ್ಳ ಬಂದರೆ ಹೇಗೆ, ಹದಿನಾಲ್ಕು ವರ್ಷದಲ್ಲಿ ಅವನ ಅಂಗಾಲಿಗೆ ಎಲ್ಲ ಗೊತ್ತಿತ್ತು. ಇದು ಕಲ್ಲಲ್ಲ ಎಂದು ತಕ್ಷಣ ಗೊತ್ತಾಯಿತು. ಬ್ರೇಕು ಒತ್ತಿದ. ಬಾಗಿಲು ತೆಗೆಯುವಾಗ ಒಂದು ಕೂಗು ಕೇಳಿಸಿತು, ಅದು ನಾಯಿಯದೋ ಮಗುವಿನದೋ ತಿಳಿಯಲಿಲ್ಲ. ಬಾಗಿಲಿನಿಂದ ಗಾಡಿಯ ಮೂತಿ ಸುತ್ತಿ ಆ ಬದಿಗೆ ಹೋಗಲು ಏಳೆಂಟು ಹೆಜ್ಜೆ. ಆ ಏಳೆಂಟು ಹೆಜ್ಜೆಯಷ್ಟು ಹೊತ್ತು, ಚಕ್ರದ ಕೆಳಗೆ ಇರುವುದು ಯಾರು ಎಂದು ಅವನಿಗೆ ಗೊತ್ತಿರಲಿಲ್ಲ.

ಬಾಲ ನಿಂತಿದ್ದ. ಹಗ್ಗವನ್ನು ಎರಡೂ ಕೈಯಲ್ಲಿ ಗಟ್ಟಿಯಾಗಿ ಹಿಡಿದೇ ಇದ್ದ. ಹಗ್ಗ ಒಂದು ಮಾರು ಉದ್ದವಿತ್ತು. ಅದರ ಇನ್ನೊಂದು ತುದಿಯಲ್ಲಿ ಗುಂಡ ಮುಂದಿನ ಚಕ್ರದ ಬುಡದಲ್ಲಿ ಬಿದ್ದಿತ್ತು.

"ನಾನು ಎಳ್ದೆ ಅಪ್ಪಾ, ಬರ್ಲಿಲ್ಲ" ಅಂದ ಬಾಲ.

ಹೆಂಡತಿ ಕ್ಯಾನು ಎಸೆದು ಓಡಿ ಬಂದಳು. ಮೊದಲು ಮಗನ ಮೈಯೆಲ್ಲ ಮುಟ್ಟಿ ನೋಡಿದಳು, ತಲೆ, ಕೈ, ಕಾಲು. ಆಮೇಲೆ ನಾಯಿಯ ಕಡೆ ತಿರುಗಿದಳು. ಗುಂಡ ಅವಳನ್ನು ಕಂಡು ತನ್ನ ಬಾಲ ಆಡಿಸಲು ನೋಡಿತು. ಅದರ ಹಿಂಬದಿ ಮಾತು ಕೇಳಲಿಲ್ಲ.

ಬಂಕಿನವನು ಹತ್ತಿರದ ಪಶುವೈದ್ಯೆ ಎಂಟು ಕಿಲೋಮೀಟರ್ ದೂರದಲ್ಲಿದ್ದಾರೆ ಎಂದ. "ಕೀ ಕೊಡು" ಎಂದು ಹೆಂಡತಿ ಕೈ ಚಾಚಿದಳು. ಅವಳಿಗೆ ಲೈಸೆನ್ಸ್ ಇತ್ತು, ಆದರೆ ಅಷ್ಟು ದೊಡ್ಡ ಗಾಡಿ ಮುಟ್ಟಿರಲಿಲ್ಲ. ಎರಡು ಸಲ ಎಂಜಿನ್ ನಿಂತಿತು. ಮೂರನೇ ಸಲ ಹೊರಟಿತು. ಅವನು ಹಿಂದೆ ನೆಲದ ಮೇಲೆ ಕೂತು, ಕಂಬಳಿಯಲ್ಲಿ ಸುತ್ತಿದ ಗುಂಡನನ್ನು ತೊಡೆಯ ಮೇಲಿಟ್ಟುಕೊಂಡಿದ್ದ. ವಕೀಲಮ್ಮ ಹಾಸಿಗೆಯ ಮೂಲೆಯಲ್ಲಿ ಮಿಂಚಿಯನ್ನು ತಬ್ಬಿಕೊಂಡು, ಅಪ್ಪನನ್ನು ನೋಡದೆ ಕೂತಿದ್ದಳು.

ಪಶುವೈದ್ಯೆ ಗಮ್‌ಬೂಟು ಹಾಕಿಕೊಂಡಿದ್ದ ದಪ್ಪ ಹೆಂಗಸು. ಕೈಯಲ್ಲಿದ್ದ ಕರುವಿನ ಹಾಲಿನ ಬಾಟಲಿಯನ್ನು ಕಿಟಕಿಯಲ್ಲಿಟ್ಟು, ಗುಂಡನನ್ನು ಮೇಜಿನ ಮೇಲೆ ಮಲಗಿಸಿ, ಬೆರಳುಗಳಿಂದ ಮೆಲ್ಲಗೆ ಒತ್ತಿ ನೋಡಿದರು. ಬೇಗ ಕೈ ತೆಗೆದರು.

"ಬೆನ್ನು ಮುರಿದಿದೆ. ಒಳಗೆ ರಕ್ತ ಹೋಗ್ತಾ ಇದೆ. ನಾನು ಸುಳ್ಳು ಹೇಳಲ್ಲ ತಾಯಿ, ಇದು ಏಳಲ್ಲ."

"ನೋವಾಗದ ಹಾಗೆ ಮಾಡಿ" ಅಂದಳು ಹೆಂಡತಿ. ಅವಳು ಬಗ್ಗಿ ಗುಂಡನ ಮಂದ ಕಿವಿಯಲ್ಲಿ ಏನೋ ಹೇಳಿದಳು. ಗೋಡೆಗೆ ಅಂಟಿಕೊಂಡಂತೆ ನಿಂತಿದ್ದ ಅವನಿಗೆ ಅದು ಕೇಳಿಸಲಿಲ್ಲ. ಕೇಳಿಸಬೇಕಾದ್ದೂ ಅಲ್ಲ ಎಂದು ಅವನಿಗೆ ತೋರಿತು.

ತಮ್ಮ ಮನೆಯ ಹಿಂದೆ ಬೇಲಿಯ ಪಕ್ಕ ಜಾಗ ಕೊಟ್ಟರು ವೈದ್ಯೆ. "ಇಲ್ಲಿ ಇನ್ನೂ ಕೆಲವರು ಮಲಗಿದಾರೆ. ಒಬ್ಬನೇ ಅಂತ ಅನ್ನಿಸಲ್ಲ ಅವನಿಗೆ" ಎಂದು ಮಕ್ಕಳಿಗೆ ಹೇಳಿದರು. ಅವನು ಗುಂಡಿ ತೋಡಿದ. ಗಟ್ಟಿ ನೆಲ, ಅಂಗೈ ಕಿತ್ತು ಬಂತು. ಯಾರೂ ಸಾಕು ಅನ್ನಲಿಲ್ಲ, ಅವನು ಬೇಕಾದ್ದಕ್ಕಿಂತ ಆಳಕ್ಕೆ ತೋಡಿದ.

ಕಂಬಳಿ ರಕ್ತವಾಗಿತ್ತು. ಮಕ್ಕಳು ಹೊದೆಯುವ ಕಂಬಳಿ ಅದೊಂದೇ. ಊರಿನ ಪೇಟೆಯಲ್ಲಿ ಸಾಲಾಗಿ ಮೆಷಿನ್ನುಗಳಿದ್ದ ಬಟ್ಟೆ ಒಗೆಯುವ ಅಂಗಡಿಯೊಂದಿತ್ತು. ಹೆಂಡತಿ ಕಂಬಳಿಯನ್ನು ಮೊದಲು ಮೂಲೆಯ ತೊಟ್ಟಿಯಲ್ಲಿ ತಣ್ಣೀರಿಗೆ ಹಾಕಿ ಹಿಂಡಿದಳು. ಅವನು ಸಹಾಯಕ್ಕೆಂದು ಬಿಸಿನೀರಿನ ನಲ್ಲಿ ತಿರುಗಿಸಿದ. "ಬಿಸಿ ಹಾಕ್ಬೇಡ. ರಕ್ತ ಕಚ್ಕೊಂಡ್‌ಬಿಡುತ್ತೆ" ಅಂದಳು. ಮಧ್ಯಾಹ್ನದಿಂದ ಅವಳು ಅವನ ಜೊತೆ ಆಡಿದ ಎರಡನೇ ಮಾತು ಅದು.

ಬಾಲ ಬೆಂಚಿನ ಮೇಲೆ ಕೂತಲ್ಲೇ ನಿದ್ದೆ ಹೋದ. ಮೆಷಿನ್ನು ಗುಡುಗುಡು ಸುತ್ತುತ್ತಿತ್ತು. ಅದರ ಗಾಜಿನ ಮುಂದೆ ಕುಕ್ಕರಗಾಲಲ್ಲಿ ಕೂತಿದ್ದ ವಕೀಲಮ್ಮ ಇದ್ದಕ್ಕಿದ್ದಂತೆ, "ನನ್ನಿಂದಲೇ ಆಗಿದ್ದು" ಅಂದಳು.

"ಏನು ಪುಟ್ಟಾ?" ಅಂದ ಅವನು.

"ದಿನಾ ನಾನು ಗಾಡಿ ಸುತ್ತ ನೋಡಿ ಹತ್ತುತಿದ್ದೆ. ನಿಂಗೆ ಪಕ್ಕದ್ದು ಕಾಣ್ಸಲ್ಲ ಅಂತ ನಂಗೆ ಗೊತ್ತು. ಇವತ್ತು ಸಿಟ್ಟು ಬಂದಿತ್ತು. ಗಾಡಿ ಶಬ್ದ ಕೇಳ್ತು, ಆದ್ರೂ ಓಡಿ ಬರ್ಲಿಲ್ಲ. ಬೇಕಂತ ಬರ್ಲಿಲ್ಲ." ಅವಳು ಗಾಜಿಗೆ ಬೆರಳು ಒತ್ತಿದಳು. "ನಾನು ಬಂದಿದ್ರೆ ಗುಂಡ ಇರ್ತಿತ್ತು."

ಎಂಟು ವರ್ಷದ ಮಗು ಆರು ದಿನ ತನ್ನ ಕಣ್ಣಿನ ಕೆಲಸ ಮಾಡಿಕೊಂಡು ಬಂದಿತ್ತು. ಅದಕ್ಕೆ ತಾನು ಕೊಟ್ಟದ್ದು ಬೈಗುಳ. ಅವನು ಅವಳ ಎದುರು ನೆಲದ ಮೇಲೆ ಕೂತ.

"ಕೇಳು. ಇದು ನಿನ್ನ ಕೆಲಸ ಆಗಿರಲಿಲ್ಲ. ಡಾಕ್ಟರು ನಂಗೆ ಹೇಳಿದ್ರು, ಯಾವ ಗಾಡೀನೂ ಮುಟ್ಟಬೇಡ ಅಂತ. ಬರೆದು ಕೊಟ್ಟಿದ್ರು. ನಾನು ಬಚ್ಚಿಟ್ಟೆ. ನಿಮ್ಮಮ್ಮಂಗೂ ಸುಳ್ಳು ಹೇಳ್ದೆ. ಗುಂಡ ಸತ್ತಿದ್ದು ನನ್ನ ಸುಳ್ಳಿಂದ, ನಿನ್ನ ಸಿಟ್ಟಿಂದ ಅಲ್ಲ. ಗೊತ್ತಾಯ್ತಾ?"

ಮಗಳು ತಲೆಯಾಡಿಸಿದಳು. ನಂಬಿದಳೋ ಇಲ್ಲವೋ ಅವನಿಗೆ ತಿಳಿಯಲಿಲ್ಲ. ತಲೆಯೆತ್ತಿದರೆ ಹೆಂಡತಿ ತೊಟ್ಟಿಯ ಬಳಿ ನೀರು ತೊಟ್ಟಿಕ್ಕುವ ಕೈಯಲ್ಲಿ ನಿಂತಿದ್ದಳು.

"ಎಲ್ಲಿದೆ ಆ ಕಾಗದ?"

ಅವನು ಗಾಡಿಯಲ್ಲಿದ್ದ ಸ್ಪ್ಯಾನರ್ ಪೆಟ್ಟಿಗೆಯಿಂದ ತಂದುಕೊಟ್ಟ. ಅವಳು ನಿಂತಲ್ಲೇ ಎರಡು ಸಲ ಓದಿದಳು. ತಾರೀಖು ನೋಡಿದಳು.

"ನಾಲ್ಕು ತಿಂಗಳು" ಅಂದಳು. ದನಿ ಏರಲಿಲ್ಲ, ಏರಿದ್ದರೆ ಅವನಿಗೆ ಎಷ್ಟೋ ವಾಸಿಯಿತ್ತು. "ನಾಲ್ಕು ತಿಂಗಳು ಪರದೆ ಹೊಲಿಸ್ದೆ ನನ್ನ ಕೈಯಲ್ಲಿ. ನಾನೇ ಕಳಿಸ್ದೆ ಅವನ್ನ, ಅಪ್ಪ ಇದಾರೆ ಹೋಗು ಅಂತ. ಅಪ್ಪ ಇದಾರೆ ಅಂತ!" ಆಗ ಅವಳ ದನಿ ಒಡೆಯಿತು. "ಆ ಹಗ್ಗ ಒಂದು ಗೇಣು ಗಿಡ್ಡ ಇದ್ದಿದ್ರೆ?"

"ನಿಮಗೆಲ್ಲ ತೋರಿಸ್ಬೇಕು ಅಂತ..." ಎಂದು ಅವನು ಶುರು ಮಾಡಿ ನಿಲ್ಲಿಸಿದ. ಅದು ನಿಜವಾದರೂ ಆ ಹೊತ್ತಿಗೆ ಆಡುವ ಮಾತಾಗಿರಲಿಲ್ಲ.

"ಕ್ಷಮಿಸ್ತೀಯಾ ಅಂತ ಈಗ ಕೇಳ್ಬೇಡ" ಅಂದಳು ಹೆಂಡತಿ. "ನಂಗೆ ಗೊತ್ತಿಲ್ಲ. ಹಿಂದಕ್ಕೆ ಹೋದ್ರೆ ಆರು ದಿನ, ಮುಂದೆ ಹೋದ್ರೆ ಮೂರು. ಅಕ್ಕನ ಮನೆಗೇ ಹೋಗೋಣ. ನಾನು ಓಡಿಸ್ತೀನಿ."

ಮಿಂಚಿ ಗಾಡಿ ಹತ್ತಲು ಒಪ್ಪಲಿಲ್ಲ. ಮೆಟ್ಟಿಲಿಗೆ ಮೂಗು ತಾಗಿಸಿ ಹಿಂದೆ ಸರಿಯಿತು. ಅವನೇ ಎತ್ತಿ ಒಳಗಿಡಬೇಕಾಯಿತು. ಮುಂದೆ ಪ್ರತಿ ನಿಲ್ದಾಣದಲ್ಲೂ ಅದೇ ಕತೆ.

ಅವಳ ಪಕ್ಕದಲ್ಲಿ ಅವನು ಕೈಕಟ್ಟಿ ಕೂತ. ಮೊದಲ ದಿನ ಇಬ್ಬರ ನಡುವೆ ದಾರಿಯ ಮಾತು ಬಿಟ್ಟರೆ ಬೇರೆ ಮಾತಿರಲಿಲ್ಲ. ಎರಡನೆಯ ದಿನ ಬೆಟ್ಟದ ಇಳಿಜಾರು ಬಂತು. ಒಂದು ಬದಿ ಬಂಡೆ, ಇನ್ನೊಂದು ಬದಿ ಪ್ರಪಾತ. ಎರಡು ತಿರುವು ಇಳಿದವಳು ಗಾಡಿಯನ್ನು ಅಂಚಿಗೆ ನಿಲ್ಲಿಸಿ, ಸ್ಟಿಯರಿಂಗ್ ಮೇಲೆ ಹಣೆಯಿಟ್ಟಳು. ಬ್ರೇಕಿನಿಂದ ಸುಟ್ಟ ವಾಸನೆ ಬರುತ್ತಿತ್ತು.

"ನನ್ನ ಕೈಲಾಗಲ್ಲ."

"ಆಗುತ್ತೆ. ಬ್ರೇಕ್ ಆರಲಿ, ಸ್ವಲ್ಪ ಹೊತ್ತು ಕಾಯೋಣ. ಆಮೇಲೆ ಎರಡನೇ ಗೇರಲ್ಲೇ ಬಿಡು. ಎಂಜಿನ್ನೇ ಹಿಡ್ಕೊಳುತ್ತೆ. ನಾನು ಕೇಳಿಸ್ಕೊಂಡು ಹೇಳ್ತೀನಿ."

ಅವನು ಕಣ್ಣು ಮುಚ್ಚಿದ. ಎಂಜಿನ್ನಿನ ಏರಿಳಿತವನ್ನು ಆಲಿಸುತ್ತ, "ಈಗ ಬ್ರೇಕು, ಸ್ವಲ್ಪ. ಬಿಡು. ಇನ್ನೊಂದು ಸಲ. ಚೆನ್ನಾಗಿ ಮಾಡ್ತಿದೀಯ" ಎಂದು ಹೇಳುತ್ತಾ ಬಂದ. ಇಪ್ಪತ್ತೊಂದು ತಿರುವು. ಕೆಳಗೆ ಮುಟ್ಟಿದಾಗ ಇಬ್ಬರ ಅಂಗಿಯೂ ಬೆವರಿಗೆ ಅಂಟಿತ್ತು. ಅವಳು ನಗಲಿಲ್ಲ, ನೀರಿನ ಬಾಟಲಿಯನ್ನು ತಾನು ಕುಡಿದು ಅವನಿಗೆ ಕೊಟ್ಟಳು. ಆ ಬೆಟ್ಟಗಳನ್ನು ತೋರಿಸಬೇಕೆಂದೇ ಅವನು ಇಷ್ಟೆಲ್ಲ ಮಾಡಿದ್ದು. ಹಿಂದಿನ ಹಾಸಿಗೆಯ ಮೇಲೆ ವಕೀಲಮ್ಮ ತನ್ನ ಮಂಡಿಯನ್ನು ನೋಡುತ್ತಾ ಕೂತಿದ್ದಳು.

ಮೂರನೆಯ ದಿನ ಮಧ್ಯಾಹ್ನ ಅಕ್ಕನ ಮನೆ ಬಂತು. ಗಾಡಿಯ ಸದ್ದಿಗೇ ಅಕ್ಕ ಸೆರಗಿಗೆ ಕೈ ಒರೆಸಿಕೊಳ್ಳುತ್ತ ಗೇಟಿಗೆ ಓಡಿ ಬಂದಳು. ತಂಗಿ ಸ್ಟಿಯರಿಂಗಿನಿಂದ ಇಳಿದದ್ದನ್ನು ಕಂಡು, "ಅಯ್ಯೋ ನನ್ನ ತಾಯಿ, ಯಾವಾಗ ಕಲಿತೆ!" ಎಂದು ತಬ್ಬಿಕೊಂಡಳು. ಮಕ್ಕಳ ಕೆನ್ನೆ ಹಿಂಡಿದಳು. ಬಾಗಿಲ ಪಕ್ಕದ ನೆರಳಲ್ಲಿ ಎರಡು ಬೋಗುಣಿಗಳಲ್ಲಿ ನೀರು ತುಂಬಿಸಿಟ್ಟಿದ್ದಳು. ಒಂದು ಚಿಕ್ಕದು, ಒಂದು ದೊಡ್ಡದು. ಮಿಂಚಿಯನ್ನು ಅವನು ಎತ್ತಿಕೊಂಡು ಇಳಿದ. ಅಕ್ಕ ಗಾಡಿಯೊಳಗೆ ಬಗ್ಗಿ ನೋಡಿದಳು.

"ಎಲ್ಲಿ ನನ್ನ ಗುಂಡ? ಮುದುಕ ಆದ್ನಾ? ಇಳಿಯೋಕಾಗ್ತಿಲ್ವಾ?"

ಹೆಂಡತಿ ಫೋನಿನಲ್ಲಿ ಏನೂ ಹೇಳಿರಲಿಲ್ಲ. ಬಾಲ ದೊಡ್ಡಮ್ಮನ ಸೀರೆ ಜಗ್ಗಿ ಹೇಳಿದ: "ಗುಂಡ ದಾರೀಲೇ ಇದಾನೆ."

"ಹಿಂದೆ ಬರ್ತಾ ಇದಾನಾ? ಯಾರ ಜೊತೆ?" ಎಂದು ಅಕ್ಕ ನಗುಮುಖದಲ್ಲೇ ರಸ್ತೆಯ ಕಡೆ ಕತ್ತು ಚಾಚಿದಳು.

ವಕೀಲಮ್ಮ ಅಪ್ಪನ ಮುಖ ನೋಡಿದಳು. ಅವನು ಮಿಂಚಿಯನ್ನು ಕೆಳಗಿಳಿಸಿದ. ತನ್ನ ಕಣ್ಣಿನ ವಿಷಯವನ್ನು ಡಿಪೋದಲ್ಲಿ ಬೇರೆಯವರು ಹೇಳಿದ್ದರು, ಡಾಕ್ಟರು ಹೇಳಿದ್ದರು. ಮನೆಯವರ ಹೊರಗೆ ಅವನ ಬಾಯಿಂದ ಅದು ಒಮ್ಮೆಯೂ ಬಂದಿರಲಿಲ್ಲ.

"ಇಲ್ಲ ಅಕ್ಕಾ, ಬರಲ್ಲ. ನಾನೇ ಗಾಡಿ ಹತ್ತಿಸ್ದೆ. ನಂಗೆ ಕಣ್ಣು ಕಾಣ್ಸಲ್ಲ. ಗೊತ್ತಿದ್ದೂ ಓಡಿಸ್ದೆ."

ಅಕ್ಕ ಮೆಟ್ಟಿಲ ಮೇಲೆ ಕುಸಿದು ಕೂತು, ಮರಿಗೆ ಬೆರಳಲ್ಲಿ ಹಾಲು ಚೀಪಿಸಿದವಳು ಅಳುವ ಹಾಗೆ ಅತ್ತಳು. ಹೆಂಡತಿ ಅವಳ ಪಕ್ಕ ಕೂತಳು. ಈ ಮೂರು ದಿನದಲ್ಲಿ ಅವಳು ಮನಸ್ಸು ಬಿಚ್ಚಿ ಅತ್ತದ್ದು ಆಗಲೇ. ಅವನು ಅಂಗಳದಲ್ಲಿ ನಿಂತೇ ಇದ್ದ. ಬಹಳ ಹೊತ್ತಿನ ಮೇಲೆ ಅಕ್ಕ ಮೂಗು ಒರೆಸಿಕೊಂಡು, "ಬಿಸಿಲಲ್ಲಿ ಯಾಕೆ ನಿಂತಿದೀಯ, ಒಳಗೆ ಬಾ" ಅಂದಳು. ಅವನು ಬಾಗಿಲಿಗೆ ಬಂದ. ಭುಜ ಚೌಕಟ್ಟಿಗೆ ತಾಗಿತು. ಈ ಸಲ ಹೆಂಡತಿ ನೋಡಿದಳು, ಗದರಲಿಲ್ಲ.

ವಾಪಸು ಬರುವಾಗಲೂ ಅವಳೇ ಓಡಿಸಿದಳು. ಊರಿಗೆ ಬಂದ ಮರುದಿನ ಅವನು ಲೈಸೆನ್ಸನ್ನು ಕಚೇರಿಗೆ ಒಯ್ದು ಕೊಟ್ಟ. ಗುಮಾಸ್ತೆ ಯಾವ ಅರ್ಜಿ ಕೊಡಬೇಕೆಂದು ತಿಳಿಯದೆ ಮೂರು ಕಪಾಟು ಹುಡುಕಿದಳು. ಕಿತ್ತುಕೊಂಡದ್ದು ಕಂಡಿದ್ದಳೇ ಹೊರತು, ತಾನಾಗಿ ತಂದು ಕೊಟ್ಟವರನ್ನು ಕಂಡಿರಲಿಲ್ಲ. ಹೆಂಡತಿ ಕ್ಷಮಿಸಿದಳೇ ಎಂದು ಅವನು ಇವತ್ತಿಗೂ ಕೇಳಿಲ್ಲ. ಅವನ ಕೈ ಹಿಡಿದು ರಸ್ತೆ ದಾಟಿಸುತ್ತಾಳೆ. ಕೆಲವು ದಿನ ಊಟಕ್ಕೆ ಕೂತಾಗ ಇದ್ದಕ್ಕಿದ್ದಂತೆ ಎದ್ದು ಹಿತ್ತಲಿಗೆ ಹೋಗಿ ನಿಲ್ಲುತ್ತಾಳೆ.

ವಕೀಲಮ್ಮ ಒಂದು ವರ್ಷ ಯಾವುದಕ್ಕೂ ವಾದ ಮಾಡಲಿಲ್ಲ. ಹೇಳಿದ್ದಕ್ಕೆಲ್ಲ "ಹ್ಞೂಂ" ಅನ್ನುತ್ತಿದ್ದಳು. ಅವಳು ಮೊದಲ ಸಲ ಮತ್ತೆ, "ನಾನ್ಯಾಕೆ ಮಾಡ್ಬೇಕು? ಅವನು ಮಾಡ್ಲಿ!" ಎಂದು ಕಾಲು ಬಡಿದ ದಿನ ಅವನು ಅಡುಗೆಮನೆಗೆ ಹೋಗಿ ಗೋಡೆಗೆ ಮುಖ ಮಾಡಿ ನಿಂತುಬಿಟ್ಟ.

ಬಾಲನಿಗೆ ಆ ಮಧ್ಯಾಹ್ನದ ನೆನಪು ಅಷ್ಟಾಗಿ ಉಳಿದಿಲ್ಲ. ಗುಂಡ ಹೇಗೆ ಸತ್ತಿತೆಂದು ಎರಡು ಸಲ ಕೇಳಿದ್ದಾನೆ. ಎರಡು ಸಲವೂ ಅವನು ಮಗನನ್ನು ಎದುರಿಗೆ ಕೂರಿಸಿಕೊಂಡು, ಡಾಕ್ಟರ ಕಾಗದದಿಂದ ಹಿಡಿದು, ಒಂದನ್ನೂ ಬಿಡದೆ ಹೇಳಿದ್ದಾನೆ.